ರೈಲು ‘ಆನ್ ಟೈಮ್’, ನಮ್ಮ ಬಸ್ ಮಿಸ್: ಸಮಯಪಾಲನೆ ಲೆಕ್ಕ ಹಾಕೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ವಿಷಯ ನಿಮ್ಮ ಪ್ರಯಾಣದ್ದೇ. ರೈಲುಗಳ ಸಮಯಪಾಲನೆ, ಅಂದ್ರೆ ಪಂಕ್ಚುಯಾಲಿಟಿ. ‘ನಮ್ಮ ರೈಲುಗಳು ಶೇ 80ರಷ್ಟು, ಶೇ 90ರಷ್ಟು ಸಮಯಕ್ಕೆ ಸರಿಯಾಗಿ ಓಡ್ತಿವೆ’ ಅಂತ ಆಗಾಗ ಸುದ್ದಿ ಬರುತ್ತೆ. ಆ ಅಂಕಿ ಎಲ್ಲಿಂದ ಬಂತು, ಯಾರು ಅಳೆದರು, ಎಲ್ಲಿ ನಿಂತು ಅಳೆದರು ಅನ್ನೋದನ್ನ ನಾವು ಕೇಳೋದು ಕಮ್ಮಿ.

ಈ ಸಂಚಿಕೆಗೆ ನಾವು ಆರಿಸಿಕೊಂಡಿರೋದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ. ‘ಅಲ್ಲಿ ರೈಲೇ ಇಲ್ವಲ್ಲ’ ಅಂತೀರಾ? ಸರಿ, ಇಲ್ಲ. ಅದಕ್ಕೇ ಈ ಮೂರು ತಾಲ್ಲೂಕು. ರೈಲಿನಿಂದ ಇಳಿದ ಮೇಲೆ ಇನ್ನೂ ಒಂದು ಬಸ್ ಹಿಡಿಯಬೇಕಾದವರಿಗೆ ಸಮಯಪಾಲನೆಯ ಲೆಕ್ಕದಲ್ಲಿರೋ ತೂತು ಬೇರೆಯವರಿಗಿಂತ ಬೇಗ ಕಾಣಿಸುತ್ತೆ.

ಹಳಿ ಇಲ್ಲದ ಊರಿನವರ ರೈಲು

ಒಂದು ಕಾಲದಲ್ಲಿ ಇಲ್ಲೂ ಹಳಿ ಇತ್ತು. ಮೈಸೂರು ಸಂಸ್ಥಾನದ ದಿನಗಳಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಪುಟ್ಟ ಹಳಿಯ ಮೇಲೆ ಟ್ರಾಮ್ ಓಡ್ತಿತ್ತು. ಆಗ ಎಡೇಹಳ್ಳಿ ಅಂತಿದ್ದ ಊರು ಮೈಸೂರಿನ ಯುವರಾಜರ ಹೆಸರಿನಿಂದ ನರಸಿಂಹರಾಜಪುರ ಆಯಿತು. ಟ್ರಾಮ್ ಹೋಯಿತು, ಹೆಸರು ಉಳಿಯಿತು. ಇವತ್ತು ಎನ್.ಆರ್.ಪುರದವರು ರೈಲು ಹಿಡಿಯಬೇಕಂದ್ರೆ ತರೀಕೆರೆಗೋ ಭದ್ರಾವತಿಗೋ ಶಿವಮೊಗ್ಗಕ್ಕೋ ಹೋಗಬೇಕು. ಕೊಪ್ಪ, ಶೃಂಗೇರಿಯವರಿಗೆ ಶಿವಮೊಗ್ಗ ಒಂದು ದಾರಿ, ಘಾಟಿ ಇಳಿದರೆ ಉಡುಪಿ ಇನ್ನೊಂದು, ಕಡೂರು–ಬೀರೂರು ಮತ್ತೊಂದು.

ಬೆಂಗಳೂರಿನಲ್ಲಿ ಕೆಲಸ ಅಥವಾ ಓದಿಗಿರೋ ಈ ಭಾಗದ ಹುಡುಗ ಹುಡುಗಿಯರದ್ದು ದಿನಾ ಓಡಾಟ ಅಲ್ಲ, ವಾರದ ಓಡಾಟ. ಶುಕ್ರವಾರ ಊರಿಗೆ, ಭಾನುವಾರ ವಾಪಸ್. ರಾತ್ರಿ ಬಸ್ಸಲ್ಲಿ ಸೀಟು ಸಿಗದಿದ್ರೆ, ಹಬ್ಬದ ಟಿಕೆಟ್ ದರ ಗಗನಕ್ಕೇರಿದ್ರೆ, ರೈಲು. ಬೆಂಗಳೂರಿನಿಂದ ತುಮಕೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಆಮೇಲೆ ಶಿವಮೊಗ್ಗ. ಅಲ್ಲಿ ಇಳಿದು ಆಟೊ ಹಿಡಿದು ಬಸ್ ನಿಲ್ದಾಣ, ಅಲ್ಲಿಂದ ಊರಿನ ಬಸ್.

ಈ ದಾರಿಯಲ್ಲಿ ರೈಲು ಅರ್ಧ ಗಂಟೆ ತಡವಾದ್ರೆ ಏನಾಗುತ್ತೆ? ನಗರದಲ್ಲಿ ಮನೆ ಇರೋರಿಗೆ ಅರ್ಧ ಗಂಟೆ ಹೋಯಿತು, ಅಷ್ಟೆ. ಊರಿನ ಕೊನೆ ಬಸ್ ನಂಬಿಕೊಂಡವರಿಗೆ ಒಂದು ರಾತ್ರಿಯೇ ಹೋಗಬಹುದು. ರೈಲಿನ ದಾಖಲೆಯಲ್ಲಿ ಮಾತ್ರ ಇಬ್ಬರದ್ದೂ ಒಂದೇ: 30 ನಿಮಿಷ.

ಮೊದಲ ಪ್ರಶ್ನೆ: ಗಡಿಯಾರ ನೋಡೋದು ಎಲ್ಲಿ?

ಸಮಯಪಾಲನೆ ಲೆಕ್ಕದ ಹಿಂದೆ ಮೂರು ತೀರ್ಮಾನಗಳಿವೆ. ಎಲ್ಲಿ ಅಳೆಯೋದು, ಎಷ್ಟು ನಿಮಿಷ ಮಾಫಿ ಮಾಡೋದು, ಯಾವ ರೈಲುಗಳನ್ನ ಲೆಕ್ಕಕ್ಕೆ ಸೇರಿಸೋದು. ಈ ಮೂರರಲ್ಲಿ ಒಂದನ್ನ ಬದಲಿಸಿದ್ರೂ, ರೈಲು ಒಂದು ನಿಮಿಷ ಕೂಡ ಬೇಗ ಓಡದೆ, ಶೇಕಡಾವಾರು ಅಂಕಿ ಮೇಲೇರುತ್ತೆ ಅಥವಾ ಕೆಳಗಿಳಿಯುತ್ತೆ.

ಭಾರತೀಯ ರೈಲ್ವೆಯಲ್ಲಿ ಒಂದು ಎಕ್ಸ್‌ಪ್ರೆಸ್ ರೈಲು ಸಮಯಕ್ಕೆ ಬಂತಾ ಇಲ್ವಾ ಅಂತ ತೀರ್ಮಾನ ಆಗೋದು ಅದರ ಕೊನೆ ನಿಲ್ದಾಣದಲ್ಲಿ. ನಡುವಿನ ನಿಲ್ದಾಣಗಳ ತಡ ದಾಖಲಾಗುತ್ತೆ, ಆದರೆ ಸುದ್ದಿಗೆ ಬರೋ ಶೇಕಡಾವಾರಿಗೆ ಸೇರಲ್ಲ.

ನಮ್ಮ ದಾರಿಗೇ ಇದನ್ನ ಇಟ್ಟು ನೋಡೋಣ. ಬೆಂಗಳೂರು–ಶಿವಮೊಗ್ಗ ಜನಶತಾಬ್ದಿ ಕೊನೆಗೊಳ್ಳೋದು ಶಿವಮೊಗ್ಗದಲ್ಲಿ. ಹಾಗಾಗಿ ಶಿವಮೊಗ್ಗಕ್ಕೆ ಬಂದಿಳಿದು ಶೃಂಗೇರಿ ಬಸ್ ಹಿಡಿಯೋರ ತಡ ಲೆಕ್ಕಕ್ಕೆ ಬರುತ್ತೆ. ಅದೇ ಮೈಸೂರು–ತಾಳಗುಪ್ಪ ಎಕ್ಸ್‌ಪ್ರೆಸ್ ತಗೊಳ್ಳಿ. ಬೆಂಗಳೂರು ಮೇಲೆ ಹಾದು ರಾತ್ರಿಯೆಲ್ಲ ಓಡಿ ಬೆಳಗಿನ ಜಾವ ಈ ಕಡೆ ಬರೋ ರೈಲು. ಅದರ ಕೊನೆ ನಿಲ್ದಾಣ ತಾಳಗುಪ್ಪ. ತರೀಕೆರೆ, ಭದ್ರಾವತಿ, ಶಿವಮೊಗ್ಗ ಎಲ್ಲ ನಡುವಿನ ನಿಲ್ದಾಣಗಳು. ಅದು ತರೀಕೆರೆಗೆ 35 ನಿಮಿಷ ತಡವಾಗಿ ಬಂದು, ಶಿವಮೊಗ್ಗ, ಆನಂದಪುರ, ಸಾಗರ ದಾಟೋ ಹೊತ್ತಿಗೆ ಆ ಸಮಯವನ್ನ ಸರಿದೂಗಿಸಿಕೊಂಡು ತಾಳಗುಪ್ಪಕ್ಕೆ ಸರಿಯಾಗಿ ಮುಟ್ಟಿತು ಅಂತ ಇಟ್ಕೊಳ್ಳಿ. ಲೆಕ್ಕದಲ್ಲಿ ಆ ದಿನ ಆ ರೈಲು ‘ಆನ್ ಟೈಮ್’. ತರೀಕೆರೆಯಲ್ಲಿ ಇಳಿದು ಎನ್.ಆರ್.ಪುರದ ಬಸ್ ತಪ್ಪಿಸಿಕೊಂಡವರು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಇದನ್ನ ಬರೀ ಪ್ರಯಾಣಿಕರ ಗೊಣಗಾಟ ಅಂದುಕೊಳ್ಳಬೇಡಿ. ರೈಲುಗಳ ಸಮಯಪಾಲನೆ ಬಗ್ಗೆ ಆಡಿಟ್ ಮಾಡಿದ ಮಹಾಲೇಖಪಾಲರು, ಅಂದ್ರೆ ಸಿಎಜಿ, ಕೊನೆ ನಿಲ್ದಾಣದಲ್ಲಿ ಮಾತ್ರ ಅಳೆಯೋ ಪದ್ಧತಿಯನ್ನ ಎತ್ತಿ ತೋರಿಸಿದ್ದರು. ಮೇಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳ ಸಮಯಪಾಲನೆ 2012–13ರಲ್ಲಿ ಶೇ 79 ಇದ್ದದ್ದು 2018–19ರ ಹೊತ್ತಿಗೆ ಶೇ 69.23ಕ್ಕೆ ಇಳಿದಿತ್ತು ಅನ್ನೋದೂ ಅದೇ ವರದಿಯ ಮಾತು. ಕೊನೆ ನಿಲ್ದಾಣದ ಲೆಕ್ಕ ಪ್ರಯಾಣಿಕರಿಗಿಂತ ರೈಲ್ವೆಗೇ ಅನುಕೂಲ. ಆ ಅನುಕೂಲ ಇದ್ದೂ ಹತ್ತರಲ್ಲಿ ಮೂರು ರೈಲು ತಡ ಅಂತಾಯಿತು.

ಬ್ರಿಟನ್‌ನಲ್ಲೂ ಬಹಳ ಕಾಲ ಕೊನೆ ನಿಲ್ದಾಣದ ಲೆಕ್ಕವೇ ಮುಖ್ಯವಾಗಿತ್ತು. ಹತ್ತಿರದ ರೈಲಿಗೆ 5 ನಿಮಿಷ, ದೂರದ ರೈಲಿಗೆ 10 ನಿಮಿಷ ವಿನಾಯಿತಿ. 2019ರ ಏಪ್ರಿಲ್‌ನಿಂದ ಅಲ್ಲಿ ಮುಖ್ಯ ಅಳತೆಯೇ ಬದಲಾಯಿತು. ರೈಲು ನಿಲ್ಲೋ ಪ್ರತಿ ನಿಲ್ದಾಣದಲ್ಲೂ ಅಳೆಯೋದು, ಒಂದು ನಿಮಿಷದೊಳಗೆ ಬಂದರೆ ಮಾತ್ರ ಆನ್ ಟೈಮ್. ಅಳತೆ ಬಿಗಿಯಾದ್ರೆ ಕಾಗದದ ಮೇಲಿನ ಅಂಕಿ ಬೀಳುತ್ತೆ. ಗೊತ್ತಿದ್ದೇ ಬದಲಿಸಿದರು, ಯಾಕಂದ್ರೆ ಜಾಸ್ತಿ ಜನ ಇಳಿಯೋದು ನಡುವಿನ ನಿಲ್ದಾಣಗಳಲ್ಲೇ.

ಸಮಯ ಬರೆದುಕೊಳ್ಳೋರು ಯಾರು?

ಹಳೇ ಪದ್ಧತಿ ಹೀಗಿತ್ತು. ರೈಲು ಬಂದಾಗ, ಹೊರಟಾಗ ಸ್ಟೇಷನ್ ಮಾಸ್ಟರ್ ರಿಜಿಸ್ಟರ್‌ನಲ್ಲಿ ಸಮಯ ಬರೆಯೋರು. ಕಂಟ್ರೋಲ್ ಫೋನ್‌ನಲ್ಲಿ ಸೆಕ್ಷನ್ ಕಂಟ್ರೋಲರ್‌ಗೆ ಹೇಳೋರು. ಅವರು ದೊಡ್ಡ ಹಾಳೆಯ ಮೇಲೆ ಪೆನ್ಸಿಲ್ಲಲ್ಲಿ ಗೆರೆ ಎಳೆಯೋರು. ಒಂದು ಕಡೆ ನಿಲ್ದಾಣಗಳು, ಇನ್ನೊಂದು ಕಡೆ ಗಂಟೆ ನಿಮಿಷ. ಗೆರೆ ಓರೆಯಾಗಿ ಹೋದರೆ ರೈಲು ಓಡ್ತಿದೆ, ಅಡ್ಡ ನೆಟ್ಟಗೆ ಹೋದರೆ ನಿಂತಿದೆ. ಈಗ ಆ ಹಾಳೆ ಕಂಪ್ಯೂಟರ್ ಪರದೆಗೆ ಬಂದಿದೆ. ಮನುಷ್ಯರು ಬರೆಯೋ ಸಮಯದಲ್ಲಿ ಒಂದೆರಡು ನಿಮಿಷ ಆಚೀಚೆ ಆಗೋದು ಸಹಜ. ಸಮಯಪಾಲನೆಯ ಅಂಕಿ ಮೇಲೆ ತಮ್ಮ ವಿಭಾಗದ ಹೆಸರೂ ನಿಂತಿದ್ದಾಗ, ಆ ಒಂದೆರಡು ನಿಮಿಷ ಯಾವ ಕಡೆ ವಾಲುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಅದಕ್ಕೇ ಸಮಯವನ್ನ ಯಂತ್ರವೇ ದಾಖಲಿಸೋ ಹಾಗೆ ಮಾಡ್ತಾ ಬಂದಿದ್ದಾರೆ. ಸಿಗ್ನಲ್ ಜೊತೆ ಜೋಡಿಸಿದ ಡೇಟಾ ಲಾಗರ್‌ಗಳು ರೈಲು ಬಂದ ಸಮಯವನ್ನ ತಾವೇ ಹಿಡಿಯುತ್ತವೆ. ಇಸ್ರೊ ಸಹಯೋಗದ ಆರ್‌ಟಿಐಎಸ್ ಅನ್ನೋ ವ್ಯವಸ್ಥೆಯಲ್ಲಿ ಎಂಜಿನ್ ಮೇಲಿರೋ ಉಪಕರಣ ಸುಮಾರು 30 ಸೆಕೆಂಡಿಗೊಮ್ಮೆ ರೈಲು ಎಲ್ಲಿದೆ ಅಂತ ಕಳಿಸುತ್ತೆ. ನೀವು ಮೊಬೈಲಲ್ಲಿ ನೋಡೋ ಎನ್‌ಟಿಇಎಸ್ ಮಾಹಿತಿಗೆ ಮೂಲ ಇಂಥವೇ.

‘ವೇರ್ ಈಸ್ ಮೈ ಟ್ರೇನ್’ ಆ್ಯಪ್ ನಿಮ್ಮಲ್ಲಿ ಬಹಳ ಜನರ ಫೋನಲ್ಲಿರಬೇಕು. ಅದು ಬೆಂಗಳೂರಿನ ಸಿಗ್ಮಾಯ್ಡ್ ಲ್ಯಾಬ್ಸ್ ಮಾಡಿದ್ದು, 2018ರಲ್ಲಿ ಗೂಗಲ್ ಆ ಕಂಪನಿಯನ್ನ ಕೊಂಡುಕೊಂಡಿತು. ನೀವು ರೈಲೊಳಗೆ ಕೂತಿದ್ರೆ, ಇಂಟರ್ನೆಟ್ ಇಲ್ಲದಿದ್ರೂ ಮೊಬೈಲ್ ಟವರ್ ಗುರುತಿಸಿ ಎಲ್ಲಿದ್ದೀರಿ ಅಂತ ಹೇಳುತ್ತೆ. ಇವೆಲ್ಲದರ ಅರ್ಥ ಏನಂದ್ರೆ, ಪ್ರತಿ ನಿಲ್ದಾಣದಲ್ಲಿ ರೈಲು ಎಷ್ಟು ತಡ ಅನ್ನೋ ಮಾಹಿತಿ ಇವತ್ತು ಇದೆ. ಅಳೆಯೋ ಸಾಧನ ಇಲ್ಲ ಅಂತ ಹೇಳೋ ಕಾಲ ಮುಗಿಯಿತು.

ಎರಡನೇ ಪ್ರಶ್ನೆ: ಎಷ್ಟು ನಿಮಿಷ ಮಾಫಿ?

ಆನ್ ಟೈಮ್ ಅಂದ್ರೆ ಹೇಳಿದ ಹೊತ್ತಿಗೆ ಸರಿಯಾಗಿ ಅಂತ ನಾವು ಅಂದ್ಕೋತೀವಿ. ಲೆಕ್ಕದಲ್ಲಿ ಹಾಗಲ್ಲ. ಭಾರತೀಯ ರೈಲ್ವೆಯ ಲೆಕ್ಕದಲ್ಲಿ ಕೊನೆ ನಿಲ್ದಾಣಕ್ಕೆ 15 ನಿಮಿಷದವರೆಗೆ ತಡವಾಗಿ ಬಂದ ರೈಲನ್ನೂ ಸಮಯಪಾಲನೆ ಮಾಡಿದ ರೈಲು ಅಂತಲೇ ನೋಡ್ತಾರೆ. ಜರ್ಮನಿಯಲ್ಲಿ 6 ನಿಮಿಷಕ್ಕಿಂತ ಕಮ್ಮಿ ತಡ ಆದರೆ ಸರಿ. ಸ್ವಿಟ್ಜರ್ಲೆಂಡ್‌ನಲ್ಲಿ ಮೂರು ನಿಮಿಷದೊಳಗೆ ಬರಬೇಕು. ಜಪಾನಿನ ವಿಷಯ ಬಿಡಿ. 2017ರ ನವೆಂಬರ್‌ನಲ್ಲಿ ಅಲ್ಲಿಯ ತ್ಸುಕುಬಾ ಎಕ್ಸ್‌ಪ್ರೆಸ್ 20 ಸೆಕೆಂಡ್ ಮುಂಚೆ ಹೊರಟಿತು ಅಂತ ಕಂಪನಿ ಕ್ಷಮೆ ಕೇಳಿತ್ತು!

ಹೀಗಿರೋದರಿಂದ ಜರ್ಮನಿಯ ಶೇಕಡಾವಾರನ್ನೂ ನಮ್ಮ ಶೇಕಡಾವಾರನ್ನೂ ಪಕ್ಕಪಕ್ಕ ಇಟ್ಟು ಯಾರು ಮೇಲು ಅಂತ ಹೇಳೋಕಾಗಲ್ಲ. ಒಬ್ಬರದ್ದು ಸೇರಿನ ಲೆಕ್ಕ, ಇನ್ನೊಬ್ಬರದ್ದು ಪಾವಿನ ಲೆಕ್ಕ.

15 ನಿಮಿಷದ ವಿನಾಯಿತಿಯೇ ತಪ್ಪು ಅಂತಲ್ಲ. ಬೀರೂರಿನಿಂದ ಶಿವಮೊಗ್ಗದ ಕಡೆಗಿನ ಹಾದಿ ಬಹುಕಾಲದಿಂದ ಒಂಟಿ ಹಳಿ. ಎದುರಿನ ರೈಲಿಗೆ ದಾರಿ ಬಿಡೋಕೆ ಯಾವುದಾದರೂ ನಿಲ್ದಾಣದಲ್ಲಿ ಕಾಯಲೇಬೇಕು. ಇದಕ್ಕೆ ‘ಕ್ರಾಸಿಂಗ್’ ಅಂತಾರೆ. ಎದುರಿನದ್ದು ತಡ ಆದರೆ ಇದೂ ತಡ, ಇದು ತಡ ಆದರೆ ಇನ್ನೊಂದು ತಡ. ನೂರಾರು ಕಿಲೋಮೀಟರ್ ಓಡೋ ರೈಲಿಗೆ ಸ್ವಲ್ಪ ಅವಕಾಶ ಕೊಡೋದು ನ್ಯಾಯವೇ. ಆದರೆ ಆ 15 ನಿಮಿಷ ಮಾಫಿ ಮಾಡಿದ್ದು ರೈಲಿಗೆ. ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಹಾರ್ನ್ ಹೊಡೆದು ಹೊರಡೋ ಬಸ್ಸು ನಿಮಗೆ ಆ 15 ನಿಮಿಷ ಕೊಡಲ್ಲ.

ವೇಳಾಪಟ್ಟಿಯೊಳಗೆ ಅಡಗಿದ ನಿಮಿಷಗಳು

ಇನ್ನೊಂದು ವಿಷಯ ಗಮನಿಸಿ. ವೇಳಾಪಟ್ಟಿ ಮಾಡೋವಾಗಲೇ ಕೆಲವು ಹೆಚ್ಚುವರಿ ನಿಮಿಷಗಳನ್ನ ಸೇರಿಸಿಟ್ಟಿರ್ತಾರೆ. ಹಳಿ ರಿಪೇರಿ ನಡೆಯೋ ಕಡೆ ನಿಧಾನ ಹೋಗಬೇಕು, ಕ್ರಾಸಿಂಗ್‌ಗೆ ಕಾಯಬೇಕು, ಅದಕ್ಕಾಗಿ. ಇದು ಬೇಕಾದದ್ದೇ. ಇಲ್ಲದಿದ್ರೆ ಒಂದು ಸಣ್ಣ ತಡ ದಿನವಿಡೀ ಬೆಳೀತಾ ಹೋಗುತ್ತೆ.

ಆದರೆ ಈ ನಿಮಿಷಗಳನ್ನ ಎಲ್ಲಿ ಇಡ್ತಾರೆ ಅನ್ನೋದು ಮುಖ್ಯ. ಕೊನೆ ನಿಲ್ದಾಣದ ಹತ್ತಿರ ಇಟ್ಟರೆ, ದಾರಿಯುದ್ದಕ್ಕೂ ತಡವಾಗಿ ಬಂದ ರೈಲು ಕೊನೆಗೆ ‘ಸರಿಯಾದ ಸಮಯಕ್ಕೆ’ ಸೇರಿಬಿಡುತ್ತೆ. ನಿಮ್ಮ ರೈಲು ಸಮಯಕ್ಕೆ ಮುಂಚೆಯೇ ನಿಲ್ದಾಣದ ಹತ್ತಿರ ಬಂದು ಹೊರಗೆ ಸುಮ್ಮನೆ ನಿಂತಿರೋದನ್ನ ನೋಡಿರಬಹುದು. ಅದಕ್ಕೆ ಇದೂ ಒಂದು ಕಾರಣ.

ಇದನ್ನ ನೀವೇ ಪರೀಕ್ಷೆ ಮಾಡಬಹುದು. ಒಂದು ಜೋಡಿ ರೈಲು ತಗೊಳ್ಳಿ, ಹೋಗೋದು ಮತ್ತು ಬರೋದು. ಶಿವಮೊಗ್ಗದಿಂದ ಹೊರಡೋ ರೈಲು ಭದ್ರಾವತಿಗೆ ಎಷ್ಟು ನಿಮಿಷದಲ್ಲಿ ಬರಬೇಕು ಅಂತ ವೇಳಾಪಟ್ಟಿ ಹೇಳುತ್ತೆ ನೋಡಿ. ಆಮೇಲೆ ಶಿವಮೊಗ್ಗಕ್ಕೆ ಬಂದು ಕೊನೆಗೊಳ್ಳೋ ರೈಲಿಗೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಎಷ್ಟು ನಿಮಿಷ ಕೊಟ್ಟಿದ್ದಾರೆ ನೋಡಿ. ಹಳಿ ಒಂದೇ, ದೂರ ಒಂದೇ. ಎರಡರ ನಡುವಿನ ವ್ಯತ್ಯಾಸ ಎಷ್ಟೋ, ಹೆಚ್ಚುಕಡಿಮೆ ಅಷ್ಟು ನಿಮಿಷ ಕೊನೇ ತುದಿಯಲ್ಲಿ ಅಡಗಿದೆ ಅಂತ ತಿಳ್ಕೊಬಹುದು.

ಮೂರನೇ ಪ್ರಶ್ನೆ: ಯಾವ ರೈಲು ಲೆಕ್ಕಕ್ಕೆ?

2020ರ ಜುಲೈ 1ರಂದು ಭಾರತೀಯ ರೈಲ್ವೆ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಶೇ 100ರ ಸಮಯಪಾಲನೆ ಸಾಧಿಸಿದ್ದಾಗಿ ಹೇಳಿತು. ಅದಕ್ಕೂ ಮುಂಚಿನ ದಾಖಲೆ ಅದೇ ಜೂನ್ 23ರ ಶೇ 99.54. ಆ ದಿನ ಒಂದು ರೈಲು ತಡವಾಗಿತ್ತು. ಕೇಳೋಕೆ ಭಾರಿ ಸಾಧನೆ. ಆದರೆ ಅದು ಲಾಕ್‌ಡೌನ್ ಕಾಲ. ಮಾಮೂಲಿ ದಿನಗಳಲ್ಲಿ ದೇಶದಲ್ಲಿ ಸಾವಿರಾರು ಪ್ರಯಾಣಿಕ ರೈಲು ಓಡ್ತವೆ. ಆ ದಿನ ಓಡಿದ್ದು 201. ಹಳಿಯೆಲ್ಲ ಖಾಲಿ. ಅಂಕಿ ಸುಳ್ಳಲ್ಲ. ಓಡದ ರೈಲುಗಳು ಮಾತ್ರ ಅದರೊಳಗಿಲ್ಲ.

ಇಲ್ಲೇ ಒಂದು ತಿರುವು ಇದೆ. ರದ್ದಾದ ರೈಲು ಯಾವತ್ತೂ ತಡ ಆಗಲ್ಲ. ಜರ್ಮನಿಯ ಸಮಯಪಾಲನೆ ಅಂಕಿಯಲ್ಲಿ ರದ್ದಾದ ರೈಲು ಸೇರಲ್ಲ, ಅದಕ್ಕಾಗಿ ಅಲ್ಲಿ ಬಹಳ ಟೀಕೆ ಇದೆ. ಬ್ರಿಟನ್‌ನ ಹಳೇ ಲೆಕ್ಕದಲ್ಲಿ ಮಾತ್ರ ರದ್ದಾದ ರೈಲನ್ನೂ ಫೇಲ್ ಅಂತಲೇ ಎಣಿಸ್ತಿದ್ದರು.

ಈ ಮಾತು ಕೊಪ್ಪದವರಿಗೆ ಬೇಗ ಅರ್ಥ ಆಗುತ್ತೆ. ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ ಅಲ್ಲಿಂದಲೇ ಮಲೆನಾಡಿನ ಮೂಲೆಮೂಲೆಗೆ ಬಸ್ ಓಡಿಸ್ತಿತ್ತು. 2020ರಲ್ಲಿ ಅದು ನಿಂತುಹೋಯಿತು. ನಿಂತುಹೋದ ಬಸ್ಸಿಗೆ ತಡ ಅನ್ನೋದೇ ಇಲ್ಲ. ಯಾವ ಸಮಯಪಾಲನೆ ವರದಿಯೂ ಆ ಬಸ್ ಕಾಯ್ತಿದ್ದವರ ಕಷ್ಟವನ್ನ ಅಳೆಯಲ್ಲ. ಹಾಗಾಗಿ ಶೇಕಡಾವಾರು ಅಂಕಿ ಕೇಳಿದಾಗಲೆಲ್ಲ ಪಕ್ಕದಲ್ಲೇ ಕೇಳಬೇಕಾದ ಪ್ರಶ್ನೆ: ಎಷ್ಟು ಓಡಬೇಕಿತ್ತು, ಎಷ್ಟು ಓಡಿತು?

ಮೂರು ರೈಲು, ಒಂದು ಬಸ್

ಈಗ ಒಂದು ಲೆಕ್ಕ ಹಾಕೋಣ. ಇದು ನಿಜವಾದ ರೈಲುಗಳ ಅಂಕಿ ಅಲ್ಲ, ತಿಳಿಯೋಕೆ ಅಂತ ಮಾಡಿಕೊಂಡ ಉದಾಹರಣೆ. ತಿಂಗಳಿಗೆ 30 ದಿನ. ವಿನಾಯಿತಿ 15 ನಿಮಿಷ.

ಮೊದಲನೇ ರೈಲು: 27 ದಿನ ಸರಿಯಾದ ಸಮಯಕ್ಕೆ ಬರುತ್ತೆ. ಮೂರು ದಿನ ಮಾತ್ರ ಒಂದೂವರೆ ಗಂಟೆ ತಡ. ಸಮಯಪಾಲನೆ ಶೇ 90.

ಎರಡನೇ ರೈಲು: 30 ದಿನವೂ 20 ನಿಮಿಷ ತಡ. ಸಮಯಪಾಲನೆ ಸೊನ್ನೆ.

ಮೂರನೇ ರೈಲು: 30 ದಿನವೂ 14 ನಿಮಿಷ ತಡ. ಸಮಯಪಾಲನೆ ಶೇ 100.

ಈಗ ನಿಮ್ಮ ಬಸ್, ಆಟೊದ ಸಮಯ ಎಲ್ಲ ಕಳೆದು, ರೈಲಿನ ನಿಗದಿತ ಸಮಯದ 40 ನಿಮಿಷದ ನಂತರ ಹೊರಡುತ್ತೆ ಅಂತ ಇಟ್ಕೊಳ್ಳಿ. ಶೇ 90ರ ರೈಲಿನಲ್ಲಿ ಬಂದವರಿಗೆ ತಿಂಗಳಲ್ಲಿ ಮೂರು ಸಲ ಬಸ್ ತಪ್ಪುತ್ತೆ. ಸೊನ್ನೆ ಪಡೆದ ರೈಲಿನಲ್ಲಿ ಬಂದವರಿಗೆ ಒಂದು ಸಲವೂ ತಪ್ಪಲ್ಲ!

ಬಸ್ 10 ನಿಮಿಷಕ್ಕೇ ಹೊರಡುತ್ತೆ ಅಂತಾದ್ರೆ? ಆಗ ಶೇ 100 ಪಡೆದ ಮೂರನೇ ರೈಲಿನವರಿಗೆ ತಿಂಗಳಿಡೀ ಬಸ್ ತಪ್ಪುತ್ತೆ.

ರೈಲಿನ ಅಂಕಿ ಬದಲಾಗಲಿಲ್ಲ. ಬಸ್ಸಿನ ಸಮಯ ಬದಲಾಯಿತು, ಅಷ್ಟೆ. ಆದರೆ ಪ್ರಯಾಣಿಕರ ಪಾಡು ತಲೆಕೆಳಗಾಯಿತು. ನಮ್ಮ ಸಂಚಿಕೆಯ ಮುಖ್ಯ ಮಾತು ಇದೇ: ಸಮಯಪಾಲನೆಯ ಶೇಕಡಾವಾರು ರೈಲಿನ ಬಗ್ಗೆ ಹೇಳುತ್ತೆ. ನೀವು ಮನೆ ಸೇರಿದಿರಾ ಅಂತ ಹೇಳಲ್ಲ. ಬದಲಿ ವಾಹನ ಹಿಡಿಯೋರಿಗೆ ಸರಾಸರಿಗಿಂತ ನಂಬಿಕೆ ಮುಖ್ಯ. ದಿನಾ 20 ನಿಮಿಷ ತಡ ಅಂತ ಗೊತ್ತಿದ್ರೆ ಅದಕ್ಕೆ ತಕ್ಕ ಹಾಗೆ ಹೊರಡಬಹುದು. ಯಾವ ದಿನ ಒಂದೂವರೆ ಗಂಟೆ ತಡವಾಗುತ್ತೆ ಅಂತ ಗೊತ್ತಿಲ್ಲದಿದ್ರೆ ಪ್ರತಿ ದಿನವೂ ಭಯ.

ಇದನ್ನ ಅಳೆಯೋಕೆ ಸಾಧ್ಯವೇ ಇಲ್ವಾ? ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ ‘ಪ್ರಯಾಣಿಕರ ಸಮಯಪಾಲನೆ’ ಅಂತಲೇ ಅಳೀತಾರೆ. ಎಷ್ಟು ರೈಲು ಸರಿಯಾಗಿ ಬಂತು ಅಂತ ಎಣಿಸೋ ಬದಲು, ಎಷ್ಟು ಪ್ರಯಾಣಿಕರು ತಲುಪಬೇಕಾದ ಜಾಗಕ್ಕೆ 5 ನಿಮಿಷದೊಳಗೆ ತಲುಪಿದರು ಅಂತ ಎಣಿಸೋದು. ನಡುವೆ ರೈಲು ಬದಲಿಸೋರಿಗೆ ಮುಂದಿನ ರೈಲು ತಪ್ಪಿದ್ರೆ ಅದೂ ಲೆಕ್ಕಕ್ಕೆ ಬರುತ್ತೆ. ಜನ ತುಂಬಿದ ರೈಲಿನ ತಡಕ್ಕೂ ಖಾಲಿ ರೈಲಿನ ತಡಕ್ಕೂ ಅಲ್ಲಿ ಒಂದೇ ತೂಕ ಇಲ್ಲ.

ಬೆಂಗಳೂರಿನೊಳಗೆ ಬೇರೆ ಲೆಕ್ಕ

ಊರಿನ ಪ್ರಯಾಣ ಒಂದು ಕಡೆ. ವಾರದ ಐದು ದಿನ ಬೆಂಗಳೂರಲ್ಲಿ ಓಡಾಡೋದು ಇನ್ನೊಂದು ಕಡೆ. ಅಲ್ಲಿ ಉಪನಗರ ರೈಲಿನ ಕೆಲಸ ನಡೀತಿದೆ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆದ ಯೋಜನೆ. ಸುಮಾರು 148 ಕಿಲೋಮೀಟರ್, ನಾಲ್ಕು ಮಾರ್ಗ. ಹೆಸರುಗಳು ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಇದು ಓಡೋಕೆ ಶುರುವಾದ ಮೇಲೆ ಸಮಯಪಾಲನೆಯನ್ನ ಹೇಗೆ ಅಳೆಯಬೇಕು?

ಪದೇಪದೇ ಬರೋ ರೈಲಿಗೆ ಯಾರೂ ವೇಳಾಪಟ್ಟಿ ನೋಡಲ್ಲ. ಮೆಟ್ರೊಗೆ ಹೋಗುವಾಗ 8.14ರದ್ದು ಹಿಡೀತೀನಿ ಅಂತ ಹೊರಡ್ತೀರಾ? ಇಲ್ಲ, ಹೋಗಿ ನಿಲ್ತೀರಿ, ಬಂದದ್ದು ಹತ್ತತೀರಿ. ಅಲ್ಲಿ ತಡಕ್ಕಿಂತ ರೈಲುಗಳ ನಡುವಿನ ಅಂತರ ಮುಖ್ಯ.

10 ನಿಮಿಷಕ್ಕೊಂದು ರೈಲು ಅಂತ ಇಟ್ಕೊಳ್ಳಿ. ಸರಿಯಾಗಿ ಬಂದರೆ ಸರಾಸರಿ ಕಾಯೋದು 5 ನಿಮಿಷ. ಒಂದು ಅಂತರ 2 ನಿಮಿಷ, ಮುಂದಿನದ್ದು 18 ನಿಮಿಷ ಆದರೆ? 20 ನಿಮಿಷಕ್ಕೆ ಎರಡು ರೈಲು ಬಂತು, ಸಂಖ್ಯೆ ಸರಿ ಇದೆ. ಆದರೆ ಹೆಚ್ಚು ಜನ ಬಂದು ನಿಲ್ಲೋದು ಆ 18 ನಿಮಿಷದ ಅಂತರದಲ್ಲೇ. ಲೆಕ್ಕ ಹಾಕಿದರೆ ಸರಾಸರಿ ಕಾಯೋದು 8.2 ನಿಮಿಷ ಆಗುತ್ತೆ. ಬಂದ ರೈಲಿನಲ್ಲಿ ಕಾಲಿಡೋಕೂ ಜಾಗ ಇರಲ್ಲ. ಲಂಡನ್ನಿನ ಪದೇಪದೇ ಓಡೋ ಬಸ್ಸುಗಳಿಗೆ ಇದೇ ಕಾರಣಕ್ಕೆ ‘ಹೆಚ್ಚುವರಿ ಕಾಯುವ ಸಮಯ’ವನ್ನ ಅಳೀತಾರೆ. ಬೆಂಗಳೂರಿನ ಉಪನಗರ ರೈಲಿಗೂ ಇಂಥ ಅಳತೆ ಬೇಕು ಅಂತ ಕೇಳೋಕೆ ಸರಿಯಾದ ಹೊತ್ತು ಈಗಲೇ. ರೈಲು ಓಡಲು ಶುರುವಾಗಿ, ಒಂದು ಅಂಕಿ ರೂಢಿಯಾದ ಮೇಲೆ ಬದಲಿಸೋದು ಕಷ್ಟ.

ಬಸ್ ತಪ್ಪಿದರೆ ಹೊಣೆ ಯಾರದ್ದು?

ಒಂದು ರೈಲಿನಿಂದ ಇನ್ನೊಂದು ರೈಲಿಗೆ ಬದಲಾಗೋರ ಕಷ್ಟವನ್ನ ನಮ್ಮ ರೈಲ್ವೆ ಒಪ್ಪಿಕೊಂಡಿದೆ. 2019ರ ಏಪ್ರಿಲ್‌ನಿಂದ ಎರಡು ಟಿಕೆಟ್‌ಗಳ ಪಿಎನ್‌ಆರ್ ಜೋಡಿಸಬಹುದು. ಮೊದಲ ರೈಲು ತಡವಾಗಿ ಎರಡನೇದು ತಪ್ಪಿದರೆ, ನಿಯಮದ ಪ್ರಕಾರ ಪ್ರಯಾಣ ಮಾಡದ ಭಾಗದ ಹಣ ವಾಪಸ್ ಕೇಳಬಹುದು. ನೀವು ಹತ್ತೋ ನಿಲ್ದಾಣದಲ್ಲೇ ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿದ್ದು, ನೀವು ಪ್ರಯಾಣ ಬೇಡ ಅಂದ್ರೆ ಪೂರ್ತಿ ಹಣ ವಾಪಸ್ ಪಡೆಯೋ ಅವಕಾಶ ಇದೆ. ಆನ್‌ಲೈನ್ ಟಿಕೆಟ್ ಆದರೆ ರೈಲು ಹೊರಡೋ ಮುಂಚೆ ಟಿಡಿಆರ್ ಸಲ್ಲಿಸಬೇಕು.

ರೈಲಿನಿಂದ ಬಸ್ಸಿಗೆ ಬದಲಾಗೋರಿಗೆ ಇಂಥ ನಿಯಮ ಇಲ್ಲ. ಆದರೂ ಒಂದು ತೀರ್ಪು ನೆನಪಿಡಿ. 2016ರಲ್ಲಿ ಜಮ್ಮುವಿಗೆ ಹೋಗ್ತಿದ್ದ ರೈಲೊಂದು ಸುಮಾರು ನಾಲ್ಕು ಗಂಟೆ ತಡವಾಗಿ, ಪ್ರಯಾಣಿಕರೊಬ್ಬರಿಗೆ ಶ್ರೀನಗರದ ವಿಮಾನ ತಪ್ಪಿತು. ಟ್ಯಾಕ್ಸಿ ಮಾಡಿಕೊಂಡು ಹೋದರು, ಗ್ರಾಹಕ ವೇದಿಕೆಗೆ ದೂರು ಕೊಟ್ಟರು. 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ 30,000 ರೂಪಾಯಿ ಪರಿಹಾರವನ್ನ ಎತ್ತಿಹಿಡಿಯಿತು. ತಡಕ್ಕೆ ತನ್ನ ಹಿಡಿತ ಮೀರಿದ ಕಾರಣ ಇತ್ತು ಅಂತ ರೈಲ್ವೆ ತೋರಿಸಬೇಕು, ತೋರಿಸದಿದ್ರೆ ಪರಿಹಾರ ಕೊಡಬೇಕು ಅನ್ನೋದು ತೀರ್ಪಿನ ಸಾರ. ಪ್ರಯಾಣಿಕರ ಸಮಯಕ್ಕೂ ಬೆಲೆ ಇದೆ ಅಂತ ದೇಶದ ದೊಡ್ಡ ನ್ಯಾಯಾಲಯವೇ ಹೇಳಿದ ಹಾಗಾಯಿತು.

ನೀವೇನು ಮಾಡಬಹುದು?

ನಿಮ್ಮ ಕೈಲಿ ಫೋನ್ ಇದೆ. ನೀವು ಬಳಸೋ ಒಂದೇ ಒಂದು ರೈಲು ಆರಿಸ್ಕೊಳ್ಳಿ. ನೀವು ಇಳಿಯೋ ನಿಲ್ದಾಣಕ್ಕೆ ಅದು ಬರಬೇಕಾದ ಸಮಯ, ಬಂದ ಸಮಯ, ಬಸ್ ಸಿಕ್ತಾ ಇಲ್ವಾ, ಈ ಮೂರನ್ನ ನೋಟ್ಸ್‌ನಲ್ಲಿ ಬರೆದಿಡಿ. ಎನ್‌ಟಿಇಎಸ್‌ನಲ್ಲಿ ಪ್ರತಿ ನಿಲ್ದಾಣದ ನಿಗದಿತ ಸಮಯವೂ ನಿಜವಾಗಿ ಬಂದ ಸಮಯವೂ ಕಾಣುತ್ತೆ. ಹೋಗದ ದಿನವೂ ನೋಡಿ ಬರೆಯಬಹುದು. ಒಂದು ತಿಂಗಳು ಸಾಕು. ಮಳೆಗಾಲದಲ್ಲಿ ಒಂದು ತಿಂಗಳು, ಬೇಸಿಗೆಯಲ್ಲಿ ಇನ್ನೊಂದು ತಿಂಗಳು ಮಾಡಿದ್ರೆ ಇನ್ನೂ ಒಳ್ಳೇದು.

ಬರೆದಿಟ್ಟ ಮೇಲೆ ಸರಾಸರಿ ತೆಗೆದು ಸುಮ್ಮನಾಗಬೇಡಿ. ತಿಂಗಳಲ್ಲಿ ಎಷ್ಟು ದಿನ ಬಸ್ ತಪ್ಪುತ್ತಿತ್ತು ಅಂತ ಎಣಿಸಿ. ‘ರೈಲು ಯಾವಾಗಲೂ ಲೇಟು’ ಅಂತ ಹೇಳೋದಕ್ಕೂ, ‘30 ದಿನದಲ್ಲಿ 9 ದಿನ ತರೀಕೆರೆಯಲ್ಲಿ ಬಸ್ ತಪ್ಪುವಷ್ಟು ತಡವಾಗಿತ್ತು’ ಅಂತ ಪಟ್ಟಿ ಇಡೋದಕ್ಕೂ ಅಜಗಜಾಂತರ. ಅಂಥ ಪಟ್ಟಿಯನ್ನ ಎರಡು ಕಡೆ ಕೊಡಬಹುದು. ರೈಲ್ವೆಯಲ್ಲಿ ವಿಭಾಗ ಮಟ್ಟದಲ್ಲೂ ವಲಯ ಮಟ್ಟದಲ್ಲೂ ರೈಲು ಬಳಕೆದಾರರ ಸಲಹಾ ಸಮಿತಿಗಳಿವೆ. ತರೀಕೆರೆ, ಶಿವಮೊಗ್ಗ ಬರೋದು ನೈರುತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ. ಇನ್ನೊಂದು ಕಡೆ ಬಸ್ ಡಿಪೊ. ಎಷ್ಟೋ ಸಲ ರೈಲನ್ನ ಬೇಗ ಓಡಿಸೋದಕ್ಕಿಂತ ಬಸ್ಸನ್ನ ಹದಿನೈದು ನಿಮಿಷ ತಡವಾಗಿ ಹೊರಡಿಸೋದು ಸುಲಭ, ಖರ್ಚೂ ಇಲ್ಲ. ಆದರೆ ಆ ಹದಿನೈದು ನಿಮಿಷ ಎಲ್ಲಿ ಬೇಕು ಅಂತ ಯಾರಾದರೂ ಲೆಕ್ಕ ಸಮೇತ ತೋರಿಸಬೇಕು.

ಅಧಿಕೃತ ಅಂಕಿಯೇ ಬೇಕಂದ್ರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಅರ್ಜಿ ಶುಲ್ಕ 10 ರೂಪಾಯಿ. ‘ಸಮಯಪಾಲನೆ ಎಷ್ಟು’ ಅಂತ ಕೇಳಿದ್ರೆ ಕೊನೆ ನಿಲ್ದಾಣದ ಶೇಕಡಾವಾರು ಕಳಿಸಬಹುದು. ‘ಇಂಥ ರೈಲು, ಇಂಥ ತಿಂಗಳು, ತರೀಕೆರೆ ನಿಲ್ದಾಣಕ್ಕೆ ಪ್ರತಿದಿನ ಬಂದ ಸಮಯ, ರದ್ದಾದ ದಿನಗಳು’ ಅಂತ ಬಿಡಿಸಿ ಕೇಳಿ.

ಮುಂದಿನ ಸಲ ‘ಶೇ 90 ಆನ್ ಟೈಮ್’ ಅನ್ನೋ ಸುದ್ದಿ ನಿಮ್ಮ ಸ್ಕ್ರೀನ್ ಮೇಲೆ ಬಂದಾಗ ಮೂರು ಪ್ರಶ್ನೆ ಕೇಳ್ಕೊಳ್ಳಿ. ಯಾವ ನಿಲ್ದಾಣದಲ್ಲಿ ಅಳೆದರು? ಎಷ್ಟು ನಿಮಿಷ ಬಿಟ್ಟುಕೊಟ್ಟರು? ಓಡದ ರೈಲುಗಳು ಎಲ್ಲಿ ಹೋದವು? ಕೊಪ್ಪ, ಶೃಂಗೇರಿ, ಎನ್.ಆರ್.ಪುರದವರು ನಾಲ್ಕನೇದೊಂದನ್ನ ಸೇರಿಸಿಕೊಳ್ಳಬೇಕು: ಬಸ್ ಸಿಕ್ತಾ?

ನಿಮ್ಮ ಒಂದು ತಿಂಗಳ ಲೆಕ್ಕ ಬರೆದಿಟ್ಟರೆ ನಮಗೂ ಕಳಿಸಿ. ಯಾವ ರೈಲು, ಯಾವ ನಿಲ್ದಾಣ, ಎಷ್ಟು ದಿನ ಬಸ್ ಸಿಕ್ತು ಅಂತ ಬರೆದರೆ ಸಾಕು, ಹೆಸರು ಬೇಡ.